ಮಾಧ್ಯಮಿಕ ಶಾಲೆಯಲ್ಲಿ ಕೃತಿಪಾಠ
(ಮಾಧ್ಯಮಿಕ ಶಾಲೆಗಳ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಆರು, ಏಳು, ಎಂಟನೆಯ ಇಯತ್ತೆಗಳ ಮಕ್ಕಳಿಂದ ಮಾಡಿಸತಕ್ಕ ಕೃತಿಪಾಠಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ತಮ್ಮಲ್ಲಿ ಅನೇಕರು ಇಪ್ಪತ್ತು-ಮೂವತ್ತು ವರ್ಷಗಳನ್ನು ಮಕ್ಕಳೊಡನೆ ಕಳೆದವರು. ತಮಗೆ ಬೋಧಿಸುವ ಧೈರ್ಯ ನನಗಿಲ್ಲ. ತಮ್ಮೊಡನೆ ಕೂಡಿ ವಿಚಾರಿಸುವ ಇಚ್ಛೆ ಮಾತ್ರ ಉಂಟು. 'ಪ್ರಾಜೆಕ್ಟು' ಎಂಬ ಶಬ್ದವು ಇಂದು ಹಳ್ಳಿಯ ಮನೆಮನೆಯಲ್ಲಿಯೂ ಕೇಳಬರುತ್ತದೆ. ಶಬ್ದವೇನೋ ಮನೆಗೆ ಬಂದಿತು. ಅದರ ಅರ್ಥವು ಶಾಲೆಗೆ ಬಂದಿತೇ ಎಂಬದೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ನಮ್ಮ ಶಾಲೆಗಳಲ್ಲಿ ಬರವಣಿಗೆಯ ಪರೀಕ್ಷೆಯ ಜೊತೆಗೆ ಚಟುವಟಿಕೆಗಳಿಗೂ ಅಂಕಗಳನ್ನು ಇಟ್ಟಿದ್ದಾರೆ. ಉದ್ದೇಶವು ಒಳ್ಳೆಯದು. ಆದರೆ ಅನೇಕ ಕಡೆಗಳಲ್ಲಿ ನಡೆಯುತ್ತಿರುವದೇನು? ಸೋಮವಾರ ಶಾಲೆಗೆ ಒಪ್ಪಿಸಬೇಕಾದ ಜ್ವಾಲಾಮುಖಿಯನ್ನು ರವಿವಾರ ರಾತ್ರಿ ತಾಯಿಯು ಥರ್ಮೋಕೋಲಿನಲ್ಲಿ ಕತ್ತರಿಸುತ್ತಾಳೆ. ತಂದೆಯು ಅಂಗಡಿಗೆ ಓಡಿಹೋಗಿ ಚಿತ್ರದ ಹಾಳೆ, ಬಣ್ಣದ ಕಾಗದ, ಗೋಂದು ತರುತ್ತಾನೆ. ಅಂತರ್ಜಾಲದಿಂದ ಇಳಿಸಿಕೊಂಡ ನಾಲ್ಕು ಪುಟಗಳಿಗೆ ಹೊದಿಕೆ ಹಾಕಿ ಅದರ ಮೇಲೆ ಮಗುವಿನ ಹೆಸರನ್ನು ಬರೆಯುತ್ತಾರೆ. ಈಚೆಗೆ ಬಂದ ಕೃತಕ ಬುದ್ಧಿಮತ್ತೆಯ ಯಂತ್ರಗಳಂತೂ ಆ ನಾಲ್ಕು ಪುಟಗಳನ್ನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬರೆದುಕೊಡುತ್ತವೆ. ಇದು ಮಗುವಿಗೆ ಗೊತ್ತು, ತಾಯಿತಂದೆಗಳಿಗೆ ಗೊತ್ತು, ಶಿಕ್ಷಕರಿಗೂ ಗೊತ್ತು. ಎಲ್ಲರೂ ಅರಿತೂ ಅರಿಯದವರಂತೆ ಇದ್ದು ಅಂಕಗಳನ್ನು ಕೊಟ್ಟು-ಕೊಳ್ಳುವ ಈ ವ್ಯವಹಾರದಲ್ಲಿ ಮಗುವು ಜ್ವಾಲಾಮುಖಿಯ ವಿಷಯವನ್ನು ಕಲಿಯದೆ ಇರಬಹುದು. ತೋರಿಕೆಯೊಂದಿದ್ದರೆ ಸಾಕು, ಸತ್ಯದ ಗೊಡವೆ ಬೇಡವೆಂಬ ಪಾಠವನ್ನು ಮಾತ್ರ ಚೆನ್ನಾಗಿ ಕಲಿಯುತ್ತದೆ. ಹನ್ನೆರಡು ವರ್ಷದ ವಯಸ್ಸಿನಲ್ಲಿ ಕಲಿತ ಈ ಪಾಠವು ಮುಂದೆ ಕಚೇರಿಯಲ್ಲಿ, ಪೇಟೆಯಲ್ಲಿ, ರಾಜಕಾರಣದಲ್ಲಿ ಫಲ ಕೊಡದೆ ಇದ್ದೀತೇ?

ಈ ಪದ್ಧತಿಯು ಹುಟ್ಟಿದ್ದು ಇದಕ್ಕಾಗಿ ಅಲ್ಲ. ೧೮೯೬ರಲ್ಲಿ ಅಮೇರಿಕೆಯ ಶಿಕಾಗೋ ನಗರದಲ್ಲಿ ಜಾನ್ ಡ್ಯೂಯಿ ಎಂಬ ತತ್ತ್ವಜ್ಞನು ಒಂದು ಪ್ರಾಯೋಗಿಕ ಶಾಲೆಯನ್ನು ತೆರೆದು, ಅಡಿಗೆ, ಬಡಗಿತನ, ನೇಯ್ಗೆಗಳ ಮೂಲಕ ಗಣಿತ-ವಿಜ್ಞಾನಗಳನ್ನು ಕಲಿಸಿ ನೋಡಿದನು. ಆತನ ಮಾರ್ಗದಲ್ಲಿ ನಡೆದ ವಿಲಿಯಂ ಕಿಲ್‌ಪ್ಯಾಟ್ರಿಕ್ ಎಂಬ ಅಧ್ಯಾಪಕನು ೧೯೧೮ರಲ್ಲಿ ಇದೇ ಹೆಸರಿನ ಲೇಖನವನ್ನು ಪ್ರಕಟಿಸಿದನು. ಮಗುವು ತನ್ನ ಮನಸ್ಸೊಪ್ಪಿ ಹಿಡಿದ ಒಂದು ಉದ್ದೇಶವಿರಬೇಕು, ಅದರ ಸಿದ್ಧಿಗಾಗಿ ಅದು ತಾನೇ ದುಡಿಯಬೇಕು ಎಂಬದು ಆತನ ಮುಖ್ಯ ಮಾತು. ನಮ್ಮ ದೇಶದಲ್ಲಿ ೧೯೩೭ರ ಅಕ್ಟೋಬರ ತಿಂಗಳಲ್ಲಿ ವರ್ಧೆಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಪರಿಷತ್ತು ಕೂಡಿತು. ಡಾಕ್ಟರ್ ಝಾಕಿರ್ ಹುಸೇನರ ಸಮಿತಿಯು ಅದರ ವಿಚಾರಗಳಿಗೆ ಪಠ್ಯಕ್ರಮದ ರೂಪ ಕೊಟ್ಟಿತು. ಏಳು ವರ್ಷಗಳ ಶಿಕ್ಷಣ, ಅದು ಮಾತೃಭಾಷೆಯಲ್ಲಿ, ಅದೂ ಒಂದು ಕೈಗಸುಬಿನ ಸುತ್ತ — ಇದು ಆ ಮೂಲಶಿಕ್ಷಣದ ತಿರುಳು. ತಕಲಿಯ ನೂಲನ್ನು ಅಳೆಯುವಾಗ ಲೆಕ್ಕ, ಹತ್ತಿ ಬೆಳೆಯುವ ಎರೆಭೂಮಿಯನ್ನು ನೋಡುವಾಗ ಭೂಗೋಲ, ಬಟ್ಟೆಯ ವ್ಯಾಪಾರವನ್ನು ವಿಚಾರಿಸುವಾಗ ಇತಿಹಾಸ. ವಿಷಯಗಳು ಬೇರೆಬೇರೆಯಾಗಿರುವದು ವೇಳಾಪತ್ರಿಕೆಯಲ್ಲಿ. ಬಾಳಿನಲ್ಲಿ ಅವೆಲ್ಲ ಒಂದರಲ್ಲಿ ಒಂದು ಹೆಣೆದುಕೊಂಡಿವೆ.

ಇದು ಸಾಮಾನ್ಯ ಸರಕಾರಿ ಶಾಲೆಯಲ್ಲಿ ಸಾಗಲಾರದೆಂಬವರಿಗೆ ಒಂದು ನಿದರ್ಶನವನ್ನು ಹೇಳುತ್ತೇನೆ. ಮಧ್ಯಪ್ರದೇಶದ ಹೋಶಂಗಾಬಾದ ಜಿಲ್ಲೆಯಲ್ಲಿ ೧೯೭೨ರಲ್ಲಿ ೧೬ ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನವನ್ನು ಪ್ರಯೋಗಗಳಿಂದಲೇ ಕಲಿಸುವ ಕಾರ್ಯ ಮೊದಲಾಯಿತು. ೧೯೭೮ರಲ್ಲಿ ಅದು ಜಿಲ್ಲೆಗೆಲ್ಲ ಹಬ್ಬಿತು. ೧೯೮೨ರಲ್ಲಿ ಹುಟ್ಟಿದ ಏಕಲವ್ಯವೆಂಬ ಸಂಸ್ಥೆಯು ಅದರ ಹೊಣೆಯನ್ನು ಹೊತ್ತಿತು. ಮಕ್ಕಳು ಪರೀಕ್ಷೆಗೆ ಪುಸ್ತಕವನ್ನೂ ತಮ್ಮ ಟಿಪ್ಪಣಿಗಳನ್ನೂ ಒಯ್ಯಬಹುದಾಗಿದ್ದಿತು. ಏಕೆಂದರೆ ಕೇಳಿದ ಪ್ರಶ್ನೆಗೆ ಪುಸ್ತಕದಲ್ಲಿ ಸಿದ್ಧ ಉತ್ತರವಿರುತ್ತಿರಲಿಲ್ಲ. ಶಿಕ್ಷಕರಿಗೆ ಹೊಳೆಯದ ಪ್ರಶ್ನೆಗಳನ್ನು ಮಕ್ಕಳು ಸವಾಲೀರಾಮನೆಂಬ ಕಲ್ಪಿತ ವ್ಯಕ್ತಿಗೆ ಪತ್ರ ಬರೆದು ಕೇಳುತ್ತಿದ್ದರು. ಅವಕ್ಕೆ ಉತ್ತರಗಳೂ ಬರುತ್ತಿದ್ದವು. ೨೦೦೨ರಲ್ಲಿ ಸರಕಾರವು ಆ ಕಾರ್ಯಕ್ರಮವನ್ನು ನಿಲ್ಲಿಸಿತು. ಆದರೂ ಮೂವತ್ತು ವರ್ಷಗಳ ಕಾಲ ಹಳ್ಳಿಯ ಶಾಲೆಗಳಲ್ಲಿ, ಸಾಧಾರಣ ಶಿಕ್ಷಕರ ಕೈಯಲ್ಲಿ, ಸಾಧಾರಣ ಮಕ್ಕಳ ನಡುವೆ ಅದು ಸಾಗಿತು. ಸಾಗಿದ್ದನ್ನು ಸಾಗಲಾರದ್ದೆನ್ನುವದು ನ್ಯಾಯವಲ್ಲ.

ಇನ್ನು ನಮ್ಮ ಊರಿಗೆ ಬರೋಣ. ಹತ್ತು ಕೃತಿಪಾಠಗಳ ಪಟ್ಟಿಯನ್ನು ಓದುವದಕ್ಕಿಂತ ಒಂದನ್ನೇ ಬಿಡಿಸಿ ಹೇಳುವದು ಲೇಸು. ಅದರ ಹೆಸರು 'ನಮ್ಮೂರ ನೀರು'. ಜೂನ ತಿಂಗಳಲ್ಲಿ ಶಾಲೆ ಮೊದಲಾಗುವದಕ್ಕೂ ಮುಂಗಾರಿಗೂ ಹೊಂದಿಕೆಯಿದೆ, ಆಗಲೇ ಆರಂಭಿಸಬೇಕು.

ಮೊದಲನೆಯದು ಮಳೆಯ ಅಳತೆ. ನೀರಿನ ಒಂದು ದೊಡ್ಡ ಬಾಟಲಿ ಸಾಕು. ಅದರ ಮೈ ಮಾತ್ರ ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಾಗಿರಬೇಕು. ಕತ್ತಿನ ಭಾಗವನ್ನು ಕತ್ತರಿಸಿ ತಲೆಕೆಳಗಾಗಿ ಲಾಳಿಕೆಯಂತೆ ಕೂಡ್ರಿಸಬೇಕು. ಗಾಳಿಗೆ ಉರುಳದಂತೆ ತಳದಲ್ಲಿ ಹರಳುಗಳನ್ನು ಹಾಕಿ, ಅವು ಮುಳುಗುವವರೆಗೆ ನೀರು ಹೊಯ್ದು, ಅಲ್ಲಿ ಸೊನ್ನೆಯ ಗೆರೆ ಎಳೆಯಬೇಕು. ಅಲ್ಲಿಂದ ಮೇಲಕ್ಕೆ ಮಿಲಿಮೀಟರಿನ ಪಟ್ಟಿ ಅಂಟಿಸಿದರೆ ಮಳೆಮಾಪಕವು ಸಿದ್ಧವಾಯಿತು. ಗಿಡದ ನೆರಳಿಲ್ಲದ, ಗೋಡೆಯ ಮರೆಯಿಲ್ಲದ ಬಯಲಿನಲ್ಲಿ ಇಟ್ಟು, ಹವಾಮಾನ ಇಲಾಖೆಯವರು ಅಳೆಯುವಂತೆ ಮುಂಜಾನೆ ಎಂಟೂವರೆ ಗಂಟೆಗೆ ಪ್ರತಿದಿನವೂ ಅಳೆಯಬೇಕು. ಅಳೆದ ಬಳಿಕ ನೀರನ್ನು ಮತ್ತೆ ಸೊನ್ನೆಯ ಗೆರೆಗೆ ತರಬೇಕು. ರವಿವಾರದ ಅಳತೆಗೆ ಶಾಲೆಯ ಸಮೀಪದಲ್ಲಿರುವ ಮಕ್ಕಳು ಪಾಳಿ ಹಚ್ಚಿಕೊಳ್ಳಲಿ.

ಇಲ್ಲಿ ಶಿಕ್ಷಕರು ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು. ಮಳೆ ಬಾರದ ದಿನ ಸೊನ್ನೆಯೆಂದು ಬರೆಯಬೇಕು. ಅಳೆಯಲು ಮರೆತ ದಿನದ ಮನೆಯನ್ನು ಖಾಲಿ ಬಿಡಬೇಕು. ಈ ಎರಡಕ್ಕೂ ಇರುವ ಅಂತರವನ್ನು ಮಗುವು ತಿಳಿದುಕೊಂಡರೆ ವಿಜ್ಞಾನದ ಅರ್ಧವನ್ನು ತಿಳಿದಂತೆ. ಸೊನ್ನೆಯೂ ಒಂದು ಸತ್ಯವೇ. ಖಾಲಿ ಮನೆಯನ್ನು ಊಹೆಯಿಂದ ತುಂಬುವದು ಸುಳ್ಳು. ಖಾಲಿ ಬಿಟ್ಟ ಮಗುವಿಗೆ ಶಿಕ್ಷೆಯಾಗಕೂಡದು. ಶಿಕ್ಷೆಯ ಭಯವಿದ್ದಲ್ಲಿ ಮನೆಗಳೆಲ್ಲ ತುಂಬುತ್ತವೆ, ಸತ್ಯವು ಮಾತ್ರ ಓಡಿಹೋಗುತ್ತದೆ.

ಎರಡನೆಯದು ಲೆಕ್ಕ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರು. ಶಾಲೆಯ ಮಾಳಿಗೆಯು ೨೦ ಮೀಟರ್ ಉದ್ದ, ೮ ಮೀಟರ್ ಅಗಲವಿದ್ದರೆ ಅದರ ಕ್ಷೇತ್ರಫಲ ೧೬೦ ಚದರ ಮೀಟರು. ೧೦ ಮಿಲಿಮೀಟರಿನ ಒಂದು ಮಳೆಗೆ ಅದರ ಮೇಲೆ ಬೀಳುವ ನೀರು ೧,೬೦೦ ಲೀಟರು. ೧೫ ಲೀಟರಿನ ಕೊಡಗಳಲ್ಲಿ ತುಂಬಿದರೆ ನೂರಕ್ಕೆ ಮಿಕ್ಕಿ ಕೊಡಗಳಾದವು! ಕ್ಷೇತ್ರಫಲವನ್ನು ಕಲಿಯುವದೇತಕ್ಕೆಂದು ಆ ಬಳಿಕ ಯಾವ ಮಗುವೂ ಕೇಳಲಾರದು. ಊರ ಬಾವಿಯ ನೀರಿನ ಮಟ್ಟವನ್ನು ವಾರಕ್ಕೊಮ್ಮೆ ಮೀಟರಿಗೊಂದು ಗಂಟು ಹಾಕಿದ ಹಗ್ಗದಿಂದ ಅಳೆದು, ಮಳೆಯ ನಕ್ಷೆಯ ಕೆಳಗೆ ಅದರ ನಕ್ಷೆಯನ್ನೂ ಬರೆಯಲಿ. ಹಗ್ಗವು ಶಿಕ್ಷಕರ ಕೈಯಲ್ಲಿರಲಿ, ಮಕ್ಕಳು ಕಟ್ಟೆಯಿಂದ ದೂರ ನಿಂತು ಎಣಿಸಲಿ. ಮಳೆ ಬಿದ್ದ ದಿನವೇ ಬಾವಿಯ ನೀರು ಏರಿತೇ, ಕೆಲವು ದಿನ ತಡವಾಯಿತೇ? ತಡವಾದರೆ ಏಕೆ?

ಆ 'ಏಕೆ' ಎಂಬದೇ ವಿಜ್ಞಾನದ ಪಾಠದ ಬಾಗಿಲು. ತಳಕ್ಕೆ ತೂತು ಕೊರೆದ ಮೂರು ಡಬ್ಬಿಗಳಲ್ಲಿ ಮರಳು, ಕೆಮ್ಮಣ್ಣು, ಎರೆಮಣ್ಣುಗಳನ್ನು ಸಮನಾಗಿ ತುಂಬಿ, ಸಮನಾಗಿ ನೀರು ಹೊಯ್ದು, ಯಾವದರಿಂದ ಎಷ್ಟು ಹೊತ್ತಿಗೆ ಎಷ್ಟು ನೀರು ಇಳಿಯಿತೆಂದು ನೋಡಲಿ. ಉತ್ತರವನ್ನು ಮುಂಚಿತವಾಗಿ ಹೇಳುವ ಚಪಲವನ್ನು ನಾವು ತಡೆದುಕೊಳ್ಳಬೇಕು. ಎರಡು ಗುಂಪುಗಳಿಗೆ ಎರಡು ಬಗೆಯ ಉತ್ತರ ಬಂದರೆ ಅದು ದೈವದತ್ತ ಅವಕಾಶವೆಂದು ತಿಳಿದು ಮತ್ತೊಮ್ಮೆ ಮಾಡಿಸಬೇಕು.

ಮೂರನೆಯದು ಭಾಷೆ. ಮಕ್ಕಳು ಹಿರಿಯರ ಬಳಿಗೆ ಹೋಗಿ ನೀರಿನ ಮಾತುಗಳನ್ನು ಕೂಡಿಸಲಿ. ಏರಿ, ತೂಬು, ಕೋಡಿ, ಕಟ್ಟೆ, ಹೊಂಡ, ಮದಗ, ಕಲ್ಯಾಣಿ, ಏತ, ಕಪಿಲೆ — ಇವುಗಳಲ್ಲಿ ಎಷ್ಟು ಮಾತುಗಳು ಇಂದಿನ ಮಗುವಿಗೆ ಗೊತ್ತು? ಕೆರೆಯ ನೀರನ್ನು ಗದ್ದೆಗದ್ದೆಗೆ ಹಂಚುತ್ತಿದ್ದ ನೀರುಗಂಟಿಯ ಕೆಲಸವೇನೆಂದು ಎಷ್ಟು ಜನ ಬಲ್ಲರು? ಕಾಸರಗೋಡಿನ ಕಡೆ ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳಿವೆ. ಬಯಲುಸೀಮೆಯ ಮಗುವು ಅವನ್ನು ಕೇಳಿಯೂ ಅರಿಯದು. ಬಯಲುಸೀಮೆಯ ಶಾಲೆಯೊಂದು ಕರಾವಳಿಯ ಶಾಲೆಯೊಂದಕ್ಕೆ ಪತ್ರ ಬರೆದು ಶಬ್ದಗಳನ್ನು ವಿನಿಮಯ ಮಾಡಿಕೊಂಡರೆ, ೧೯೫೬ರಲ್ಲಿ ನಕಾಶೆಯ ಮೇಲೆ ಒಂದಾದ ನಾಡು ಮಕ್ಕಳ ಮನಸ್ಸಿನಲ್ಲಿಯೂ ಒಂದಾಗುವದು. ಗಡಿಯಾಚೆ ಉಳಿದ ಕನ್ನಡವೂ ನಮ್ಮದೆಂಬ ಅರಿವು ಹುಟ್ಟುವದು.

ನಾಲ್ಕನೆಯದು ಇತಿಹಾಸ. ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ಹೇಳುವ ಶಾಸನಗಳು ನಮ್ಮಲ್ಲಿ ಹೇರಳವಾಗಿವೆ. ಊರಲ್ಲಿ ಒಂದಿದ್ದರೆ ಅದನ್ನು ಒರೆಸಿ ತೊಳೆಯುವ ಮೊದಲು ಬಲ್ಲವರನ್ನು ಕೇಳಬೇಕು. ಇಲ್ಲದಿದ್ದರೆ ಕಡಪಾ ಜಿಲ್ಲೆಯ ಪೋರುಮಾಮಿಳ್ಳದಲ್ಲಿರುವ ೧೩೬೯ರ ಶಾಸನದ ಸಾರವನ್ನು ಹೇಳಬಹುದು. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಆ ಕೆರೆಯ ಶಾಸನದಲ್ಲಿ ಒಳ್ಳೆಯ ಕೆರೆಗೆ ಇರಬೇಕಾದ ೧೨ ಅಂಗಗಳನ್ನೂ ಇರಬಾರದ ೬ ದೋಷಗಳನ್ನೂ ಎಣಿಸಿದ್ದಾರೆ. ಏರಿಯಿಂದ ನೀರು ಸೋರುವದು ಒಂದು ದೋಷ, ಚೌಳುಮಣ್ಣು ಒಂದು ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವದು ಇನ್ನೊಂದು ದೋಷ! ೧೯೯೦ರಲ್ಲಿ ಕಾವೇರಿ ನ್ಯಾಯಮಂಡಳಿಯು ಏಕೆ ಹುಟ್ಟಬೇಕಾಯಿತೆಂಬದನ್ನು ಆರು ನೂರು ವರ್ಷಗಳ ಹಿಂದಿನ ಕಲ್ಲು ಎಂಟನೆಯ ಇಯತ್ತೆಯ ಮಗುವಿಗೆ ತಿಳಿಸಿಕೊಡುತ್ತದೆ. ನಮ್ಮೂರ ಕೆರೆಗೆ ಆ ಹನ್ನೆರಡರಲ್ಲಿ ಎಷ್ಟು ಅಂಗಗಳಿವೆ, ಆರರಲ್ಲಿ ಎಷ್ಟು ದೋಷಗಳಿವೆ ಎಂದು ಮಕ್ಕಳೇ ಹೋಗಿ ನೋಡಿ ಬರಲಿ.

ಈಗ ಕಠಿಣವಾದ ಮಾತಿಗೆ ಬರುತ್ತೇನೆ. ಹಿರಿಯರನ್ನು ಕೇಳಹೋದ ಮಕ್ಕಳು ಇನ್ನೊಂದು ಸಂಗತಿಯನ್ನು ಹೊತ್ತು ತಂದಾರು. ಯಾವ ಬಾವಿಯಲ್ಲಿ ಯಾರು ಸೇದುತ್ತಿದ್ದರು, ಯಾರು ದೂರ ನಿಂತು ಕೊಡವೊಡ್ಡಿ ಕಾಯುತ್ತಿದ್ದರು ಎಂಬದು ಅನೇಕ ಊರುಗಳ ಮುದುಕರ ನೆನಪಿನಲ್ಲಿದೆ. ಕೆಲವು ಕಡೆ ಅದು ನೆನಪಷ್ಟೇ ಅಲ್ಲ. ಇಂತಹ ಉತ್ತರ ಬಂದಾಗ ಶಿಕ್ಷಕರು ಏನು ಮಾಡಬೇಕು? 'ಅದನ್ನು ಬರೆಯಬೇಡಿ, ಊರವರು ನೊಂದುಕೊಂಡಾರು' ಎನ್ನುವದು ಸುಲಭ. ಹಾಗೆಂದರೆ ಖಾಲಿ ಮನೆಯನ್ನು ಸುಳ್ಳಿನಿಂದ ತುಂಬಿಸಿದಂತೆಯೇ ಸರಿ. ಹೇಳಿದವರ ಹೆಸರನ್ನು ಕಾಪಾಡಿ, ಸಂಗತಿಯನ್ನು ಬರೆಯಲಿ. ೧೯೨೭ರ ಮಾರ್ಚಿನಲ್ಲಿ ಡಾಕ್ಟರ್ ಅಂಬೇಡಕರರು ಮಹಾಡದ ಚವದಾರ ಕೆರೆಯ ನೀರನ್ನು ಕುಡಿದುದರ ಅರ್ಥವೇನು, ನಮ್ಮ ಸಂವಿಧಾನದ ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನು ಅಳಿಸಿದುದಲ್ಲದೆ ೧೫ನೆಯ ವಿಧಿಯು ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರನ್ನು ಎತ್ತಿ ಹೇಳಬೇಕಾಯಿತೇಕೆ ಎಂಬದು ಆಗ ತಾನಾಗಿಯೇ ತಿಳಿಯುವದು. ಹಾಗೆಯೇ ಮನೆಗೆ ದಿನಕ್ಕೆ ಎಷ್ಟು ಕೊಡ ನೀರು ಬೇಕು, ಅವನ್ನು ತಂದವರು ಯಾರೆಂದು ಎಣಿಸಿದರೆ, ತಾಯಿ-ತಂಗಿಯರ ದುಡಿಮೆಯು ಹುಡುಗರ ಲೆಕ್ಕದ ಪುಸ್ತಕಕ್ಕೆ ಮೊದಲ ಬಾರಿಗೆ ಬಂದೀತು.

ಆಕ್ಷೇಪಗಳಿವೆ, ಅವುಗಳನ್ನು ಹಗುರವಾಗಿ ಕಾಣಲಾಗದು. ಪಾಠ ಮುಗಿಯುವದು ಹೇಗೆ ಎನ್ನುತ್ತೀರಿ. ಕ್ಷೇತ್ರಫಲ, ನಕ್ಷೆ, ಮಣ್ಣು, ಸಂವಿಧಾನ, ಪತ್ರಲೇಖನ — ಇವೆಲ್ಲ ಪಾಠಗಳೇ; ಬೇರೆಬೇರೆ ತಾಸುಗಳಲ್ಲಿ ಹೇಳುವದನ್ನು ಕೂಡಿಸಿ ಹೇಳಿದಂತಾಯಿತು. ಅವಧಿಗೆ ಒಂದೇ ಕೃತಿಪಾಠವಿರಲಿ, ಪ್ರತಿ ವಿಷಯದ ಶಿಕ್ಷಕರೂ ಒಂದೊಂದು ತಂದರೆ ಮಗುವೂ ಉಳಿಯದು, ತಾಯಿತಂದೆಗಳೂ ಉಳಿಯರು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ಇಯತ್ತೆಯ ಮಕ್ಕಳಿಗೆ ಚೀಲವಿಲ್ಲದ ಹತ್ತು ದಿನಗಳನ್ನು ಹೇಳಿ, ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲೆಂದಿದೆ; ಆ ದಿನಗಳಲ್ಲಿ ಬಾವಿ ತೋಡುವವರನ್ನೂ ಕಾಣಬಹುದು. ಮಕ್ಕಳು ಅರವತ್ತಿದ್ದಾರೆ ಎನ್ನುತ್ತೀರಿ. ಐದೈದು ಮಕ್ಕಳ ಗುಂಪುಗಳಾಗಲಿ. ಅಳೆಯುವವರು, ಬರೆಯುವವರು, ಕೇಳುವವರು ವಾರವಾರಕ್ಕೆ ಬದಲಾಗಲಿ. ಖರ್ಚು ಎನ್ನುತ್ತೀರಿ. ಬಾಟಲಿ, ಹಗ್ಗ, ಡಬ್ಬಿ, ಒಂದು ನೋಟುಬುಕ್ಕು. ಇದಕ್ಕಿಂತ ಥರ್ಮೋಕೋಲಿಗೇ ಹೆಚ್ಚು ಹಣ ಬೇಕು.

ಅಂಕಗಳನ್ನು ಕೊಡುವದು ಹೇಗೆ? ಅಂದವಾದ ಹೊದಿಕೆಗೆ ಅಂಕ ಬೇಡ. ಮಗುವನ್ನು ಎದುರಿಗೆ ಕೂಡ್ರಿಸಿಕೊಂಡು ಮೂರು ಪ್ರಶ್ನೆ ಕೇಳಿರಿ: ನೀನು ಏನನ್ನು ತಿಳಿಯಹೊರಟೆ? ಅದಕ್ಕಾಗಿ ಏನು ಮಾಡಿದೆ? ನೀನು ನೆನೆಸಿದ್ದಕ್ಕಿಂತ ಬೇರೆಯಾಗಿ ಕಂಡದ್ದು ಯಾವದು? ಅಂಗಡಿಯಲ್ಲಿ ಕೊಂಡ ಕೃತಿಯು ಈ ಮೂರನೆಯ ಪ್ರಶ್ನೆಗೆ ಉತ್ತರ ಕೊಡಲಾರದು. ಮಳೆಯಲ್ಲಿ ತೊಯ್ದು, ಮಸಿ ಹರಡಿ, ನಡುವೆ ನಾಲ್ಕು ಮನೆಗಳು ಖಾಲಿಯಿದ್ದ ನೋಟುಬುಕ್ಕು ಕೊಡಬಲ್ಲದು.

ಕೊನೆಗೆ ಈ ಬರಹವು ಕಪಾಟಿನಲ್ಲಿ ಕೊಳೆಯಬಾರದು. ನಮ್ಮ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿಯಿದೆ. ಅಲ್ಲಿ ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತು, ಇಷ್ಟು ದಿನ ಮಳೆಯಾಯಿತು, ಬಾವಿಯು ಇಷ್ಟು ಏರಿ ಇಷ್ಟು ಇಳಿಯಿತು, ತೂಬು ಇಲ್ಲಿ ಸೋರುತ್ತಿದೆ ಎಂದು ತನ್ನ ಅಂಕೆಗಳನ್ನು ಓದಲಿ. ಹಿರಿಯರು ಆ ಅಂಕೆಗಳನ್ನು ಸಂಶಯಿಸಿದರೆ ಬಂದು ಅಳೆದು ನೋಡಿರೆಂದು ಆಕೆ ಹೇಳಬಲ್ಲಳು. ತಾನು ಕಂಡದ್ದನ್ನು ಹೇಳುವ, ಕಾಣದ್ದನ್ನು ಕಂಡೆನೆನ್ನದ ಇಂತಹ ಮಕ್ಕಳನ್ನು ವರ್ಷಕ್ಕೆ ಒಂದು ವರ್ಗದಷ್ಟು ನಾಡಿಗೆ ಕೊಡುವ ಅಧಿಕಾರವು ತಮ್ಮ ಕೈಯಲ್ಲಿದೆ. ಬರುವ ಮುಂಗಾರಿಗೆ ಒಂದೊಂದು ಶಾಲೆಯ ಅಂಗಳದಲ್ಲಿ ಒಂದೊಂದು ಬಾಟಲಿಯನ್ನು ಇಡಿರೆಂದು ಬಿನ್ನವಿಸುತ್ತೇನೆ.