ಚಳ್ಳಕೆರೆ ಸೀಮೆಯ ಕೋಟೆಗಳೂ ನಿಡುಗಲ್ಲಿನ ಜಿನಾಲಯವೂ

(ಪಂಚಕಲ್ಯಾಣ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)



ಪಂಚಕಲ್ಯಾಣದ ಈ ಮಂಗಲ ದಿನಗಳಲ್ಲಿ ಕೋಟೆಕೊತ್ತಲಗಳ ಮಾತೇಕೆಂದು ತಾವು ಕೇಳಬಹುದು. ಕೇವಲಜ್ಞಾನ ಕಲ್ಯಾಣದಂದು ನಾವು ರಚಿಸುವ ಸಮವಸರಣಕ್ಕೂ ಪ್ರಾಕಾರಗಳುಂಟು. ಧೂಳೀಸಾಲವೇ ಅದರ ಮೊದಲ ಸುತ್ತು. ಆದರೆ ಅದರ ಒಳಗೆ ದೇವತೆಗಳಿಗೂ ಮನುಷ್ಯರಿಗೂ ಪಶುಪಕ್ಷಿಗಳಿಗೂ ಸ್ಥಳವಿದೆ. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಅರಸರೂ ಪಾಳೆಯಗಾರರೂ ಎತ್ತಿಸಿದ ಗೋಡೆಗಳ ಉದ್ದೇಶ ಬೇರೆ. ಅವು ಹೊರಗಿನವರನ್ನು ತಡೆಯಲೆಂದೇ ಎದ್ದವು.

ತಡೆಯುವ ಗೋಡೆ ಒಳಗಿದ್ದವರನ್ನೂ ಕಟ್ಟಿಹಾಕಬಲ್ಲುದು. ಚಳ್ಳಕೆರೆ ತಾಲ್ಲೂಕಿನ ದೊಡ್ಡೇರಿಯ ಪುಟ್ಟ ಕೋಟೆ ಇದಕ್ಕೆ ಸಾಕ್ಷಿ. 1695ರಲ್ಲಿ ಮರಾಠರ ಸೇನಾನಿ ಸಂತಾಜಿ ಘೋರ್ಪಡೆಯ ದಾಳಿಯನ್ನು ತಾಳಲಾರದೆ ಔರಂಗಜೇಬನ ಸರದಾರ ಕಾಸಿಂ ಖಾನನು ತನ್ನ ದಂಡಿನೊಡನೆ ಅದರ ಆಶ್ರಯ ಪಡೆದನು. ಅಷ್ಟು ದೊಡ್ಡ ದಂಡಿಗೆ ಅಲ್ಲಿ ಕಾಳೆಲ್ಲಿ, ಮೇವೆಲ್ಲಿ? ಕೆಲವೇ ದಿನಗಳಲ್ಲಿ ಹಸಿವು ಯುದ್ಧವನ್ನು ಮುಗಿಸಿತು. ಖಾನನು ಅಲ್ಲಿಯೇ ಸತ್ತನು. ವಿಷ ಕುಡಿದನೆಂದೂ ಹೇಳುತ್ತಾರೆ. ಉಳಿದವರು ಸಂಪತ್ತನ್ನೆಲ್ಲ ಒಪ್ಪಿಸಿ ಬರಿಗೈಯಲ್ಲಿ ಹೊರಬಿದ್ದರು.

ಕೋಟೆಯ ಬಲ ಕಲ್ಲಿನಲ್ಲಿರುವಷ್ಟೇ ನೀರಿನಲ್ಲಿಯೂ ಇದೆ. ಚಿತ್ರದುರ್ಗದ ಏಳು ಸುತ್ತುಗಳನ್ನು ಎಲ್ಲರೂ ಹೊಗಳುತ್ತಾರೆ. ಮಳೆನೀರನ್ನು ಹಿಡಿದಿಟ್ಟ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡಗಳನ್ನು ನೆನೆಯುವವರು ಕಡಿಮೆ. 1779ರಲ್ಲಿ ಹೈದರಾಲಿಯ ವಶವಾಗುವ ಮುನ್ನ ಆ ದುರ್ಗ ಹಲವು ಮುತ್ತಿಗೆಗಳನ್ನು ಕಂಡಿತ್ತು.

ಈಗ ನಮ್ಮ ಸಮಾಜಕ್ಕೆ ಹತ್ತಿರವಾದ ಮಾತು. ಚಳ್ಳಕೆರೆಯ ಗಡಿ ದಾಟಿದರೆ ಪಾವಗಡ ಸೀಮೆಯಲ್ಲಿ ನಿಡುಗಲ್ಲು ಇದೆ. ಶಾಸನಗಳಲ್ಲಿ ಅದಕ್ಕೆ ಕಾಲಾಂಜನವೆಂಬ ಹೆಸರೂ ಉಂಟು. ಕರಿಕಾಲ ಚೋಳನ ವಂಶದವರೆಂದು ಹೇಳಿಕೊಂಡ ಅರಸರ ಗಿರಿದುರ್ಗವದು. 1232ರಲ್ಲಿ ಇರುಂಗೋಳನ ಆಳ್ವಿಕೆಯಲ್ಲಿ, ನೇಮಿ ಪಂಡಿತರ ಶಿಷ್ಯನಾದ ಗಂಗೇಯನ ಮಾರೆಯನು ಆ ಬೆಟ್ಟದಲ್ಲಿ ಪಾರ್ಶ್ವಜಿನ ಬಸದಿಯನ್ನು ಕಟ್ಟಿಸಿದನು. ಕೆರೆಯ ದಕ್ಷಿಣದ ಬಂಡೆಯನ್ನು ಅದಕ್ಕಾಗಿ ಆರಿಸಿದನು. ಜೋಗವಟ್ಟಿಗೆಯ ಬಸದಿಯೆಂದು ಅದು ಪ್ರಸಿದ್ಧವಾಯಿತು. ಅರಸನೂ ದತ್ತಿ ಬಿಟ್ಟನು. ಕತ್ತಿ ಹಿರಿದು ನಿಂತ ಕಾವಲುಗಾರರ ನಡುವೆ ಅಹಿಂಸೆಯ ಮೂರ್ತಿಗೆ ದಿನವೂ ಅಭಿಷೇಕ ನಡೆಯುತ್ತಿದ್ದುದನ್ನು ಎಣಿಸಿದಾಗ ನನಗೆ ರೋಮಾಂಚವಾಗುತ್ತದೆ. 1285ರಲ್ಲಿ ಹೊಯ್ಸಳ ಮೂರನೆಯ ನರಸಿಂಹನು ನಿಡುಗಲ್ಲಿನ ಮೇಲೆ ದಂಡೆತ್ತಿ ಬಂದನು. ಆ ಅರಸೊತ್ತಿಗೆಗಳೆರಡೂ ಇಂದಿಲ್ಲ.

ಮಾರೆಯನ ಹೆಸರು ಇಂದು ನಮಗೆ ತಿಳಿದಿರುವುದು ಒಂದು ಬರಹದ ಕಲ್ಲು ಉಳಿದುದರಿಂದ. ಹಳೆಯ ಕೋಟೆಯ ಕಲ್ಲುಗಳನ್ನು ಕಿತ್ತು ಮನೆಯ ಪಾಯಕ್ಕೆ ಹಾಕುವುದು ನಮ್ಮ ಕಡೆ ಹೊಸದಲ್ಲ. ಆ ಕಲ್ಲೂ ಹಾಗೆ ಹೋಗಿದ್ದರೆ? ತಮ್ಮ ಹೊಲದ ಬದುವಿನಲ್ಲಿ, ಹಿತ್ತಿಲಿನಲ್ಲಿ ಅಕ್ಷರವಿರುವ ಕಲ್ಲು ಕಂಡರೆ ಅದನ್ನು ಅಲುಗಿಸದೆ ಪುರಾತತ್ವ ಇಲಾಖೆಗೆ ತಿಳಿಸಬೇಕೆಂದು ಕೈಮುಗಿದು ಬೇಡುತ್ತೇನೆ. ಮಹೋತ್ಸವ ಮುಗಿದ ಮೇಲೆ ಮಕ್ಕಳನ್ನು ಕರೆದುಕೊಂಡು ಒಮ್ಮೆ ನಿಡುಗಲ್ಲನ್ನು ಹತ್ತಿ ಬನ್ನಿರಿ. ಬಿಸಿಲಿನ ಬೆಟ್ಟ, ಸೋಸಿದ ನೀರನ್ನು ಜೊತೆಗೇ ಒಯ್ಯಿರಿ.

ಜೈ ಜಿನೇಂದ್ರ.