ಮುಂದಾಳುಗಳ ಸಂಚಾರವೂ ನಮ್ಮ ಆದರವೂ

 

ನಮ್ಮ ಯಲವಿಗಿಯು ಹುಬ್ಬಳ್ಳಿ-ಬೆಂಗಳೂರು ರೇಲ್ವೆಯ ಹಾದಿಯಲ್ಲಿರುವ ಊರು. ಹಾದಿಯ ಊರಿನವರು ಬಂದುಹೋಗುವವರ ಬೆಲೆಯನ್ನರಿತಿರಬೇಕು. ಆದಕಾರಣ ಮುಂದಾಳುಗಳ ಸಂಚಾರದ ವಿಷಯವಾಗಿ ನಾಲ್ಕು ಮಾತುಗಳನ್ನು ಬಿನ್ನವಿಸಿಕೊಳ್ಳುವೆನು.

ಮುಂದಾಳುಗಳು ಬರುವರೆಂದರೆ ತಳಿರುತೋರಣ, ಡೊಳ್ಳು, ಪೂರ್ಣಕುಂಭ, ಆರತಿ, ಹಾರ, ಮಾನಪತ್ರ, ಕಡೆಗೆ ಮಠದ ದರ್ಶನ, ಇವೆಲ್ಲ ಪೂಜಾವಿಧಿಯಂತೆ ಕ್ರಮ ತಪ್ಪದೆ ನಡೆಯುವವು. ದೇವರ ಉತ್ಸವಕ್ಕೂ ಗುರುಗಳ ಅಡ್ಡಪಲ್ಲಕ್ಕಿಗೂ ಅರಸರ ಸವಾರಿಗೂ ಸಲ್ಲುತ್ತಿದ್ದ ಉಪಚಾರವು ಈಗ ಮತ ಬೇಡುವವರಿಗೂ ಸಲ್ಲುವದು. ಬಂದವರನ್ನು ಆದರಿಸುವದು ನಮ್ಮ ಧರ್ಮವೇ ಸರಿ. ಆದರೆ ಆರತಿ ಆರಿದ ಬಳಿಕ ಊರಿಗೆ ಉಳಿಯುವದೇನು?

1933ರ ನವೆಂಬರದಲ್ಲಿ ವರ್ಧೆಯಿಂದ ಹೊರಟ ಮಹಾತ್ಮಾ ಗಾಂಧಿಯವರು ಅಸ್ಪೃಶ್ಯತೆಯ ನಿವಾರಣೆಗಾಗಿ ಸುಮಾರು ಒಂಬತ್ತು ತಿಂಗಳು ದೇಶವನ್ನು ಸುತ್ತಿದರು. 1934ರಲ್ಲಿ ಕರ್ನಾಟಕಕ್ಕೂ ಬಂದರು. ಅವರಿಗೂ ಹಾರ-ಕಾಣಿಕೆಗಳು ಸಂದವು. ಅವುಗಳನ್ನು ಅವರು ಸಭೆಗಳಲ್ಲಿ ಲಿಲಾವು ಮಾಡಿ ಹರಿಜನ ನಿಧಿಗೆ ಸೇರಿಸುತ್ತಿದ್ದರು. ಒರಿಸ್ಸಾ ಪ್ರಾಂತದಲ್ಲಿ ರೇಲ್ವೆ, ಮೋಟಾರುಗಳನ್ನು ಬಿಟ್ಟು ಕಾಲ್ನಡಿಗೆಯಿಂದ ಸಾಗಿದರು. ಬಾವಿ-ಗುಡಿಗಳನ್ನು ಎಲ್ಲರಿಗೂ ತೆರೆಯಿರೆಂದು ಬೇಡಿದರು. ಹಾರ ಹಾಕಿದವರ ಮೇಲೆಯೇ ಕರ್ತವ್ಯದ ಭಾರ ಬಿದ್ದಿತು.

ತರುವಾಯದ ಕಾಲವನ್ನು ನೋಡಿರಿ. 2006ರಲ್ಲಿ ಮುಖ್ಯಮಂತ್ರಿಗಳಾದ ಶ್ರೀ ಎಚ್. ಡಿ. ಕುಮಾರಸ್ವಾಮಿಯವರು ಹಳ್ಳಿಗಳಲ್ಲಿ ತಂಗುವ ಗ್ರಾಮವಾಸ್ತವ್ಯವನ್ನು ನಡೆಸಿದರು. 2019ರ ಜೂನಿನಲ್ಲಿ ಯಾದಗಿರಿ ಜಿಲ್ಲೆಯ ಚಂಡರಕಿಯ ಶಾಲೆಯಲ್ಲಿ ತಂಗಿ ಅದನ್ನು ಪುನಃ ಆರಂಭಿಸಿದರು. 2021ರಲ್ಲಿ ಜಿಲ್ಲಾಧಿಕಾರಿಗಳೇ ಹಳ್ಳಿಗೆ ಹೋಗಿ ಅಹವಾಲು ಕೇಳುವ ಪದ್ಧತಿಯೂ ಬಂದಿತು. ಕಚೇರಿಯ ಮೆಟ್ಟಲನ್ನೇ ಕಾಣದ ಬಡವನಿಗೆ ಆಳುವವರು ಎದುರಿಗೆ ಸಿಕ್ಕುವದು ಸಣ್ಣ ಮಾತಲ್ಲ. ಆದರೆ ಇಂಥ ಭೇಟಿಯಿಂದ ಚಿತ್ರವೂ ಹುಟ್ಟುವದು, ಅರ್ಜಿಯೂ ಹುಟ್ಟುವದು. ಚಿತ್ರವು ಮರುದಿನವೇ ನಾಡಿನ ಮನೆಮನೆಯನ್ನು ಸೇರುವದು. ಅರ್ಜಿಯು ಎಷ್ಟೋ ಸಲ ಕಚೇರಿಯಿಂದ ಕಚೇರಿಗೆ ತಾನೇ ಸಂಚಾರ ಹೊರಡುವದು.

ಸದ್ಭಕ್ತರೇ, ಆ ಚಿತ್ರದಲ್ಲಿ ನಮ್ಮ ಮಠಗಳೂ ಸೇರಿರುವವು. ಗುರುಗಳು ಹೊದಿಸಿದ ಶಾಲು ಆಶೀರ್ವಾದದ ಗುರುತೇ ಹೊರತು ಭಕ್ತರ ಮತಗಳ ರಸೀದಿಯಲ್ಲ. ಭಕ್ತನ ಹಿತವನ್ನು ಬಯಸಿ ಮನೆಬಾಗಿಲಿಗೆ ಬರುವ ಜಂಗಮರನ್ನು ಕಂಡ ಸಮಾಜ ನಮ್ಮದು. ಬಂದವರು ಕೊಡಲಿಕ್ಕೆ ಬಂದರೋ, ಕಾಣಿಸಿಕೊಳ್ಳಲಿಕ್ಕೆ ಬಂದರೋ ಎಂಬದನ್ನು ನಾವು ಅರಿಯಲಾರೆವೆ?

ಆದುದರಿಂದ ನನ್ನದೊಂದು ಪ್ರಾರ್ಥನೆ. ಈ ಉತ್ಸವದ ನೆನಪಿಗಾಗಿ ಮಠದಲ್ಲಿ ಒಂದು ವಹಿಯನ್ನಿಡಿರಿ. ಬಂದವರ ಹೆಸರು, ಬಂದ ದಿನ, ಆಡಿದ ಮಾತು, ಕೊಟ್ಟ ಅರ್ಜಿ ಇವಿಷ್ಟನ್ನೇ ಅದರಲ್ಲಿ ಬರೆಯಿರಿ. ಪ್ರತಿ ವರ್ಷ ಜಾತ್ರೆಯಲ್ಲಿ ಜನರೆದುರು ಓದಿಸಿರಿ. ಮಾತು ನಡೆಸಿದವರಿಗೆ ಎರಡನೆಯ ಸಲ ಇನ್ನೂ ದೊಡ್ಡ ಹಾರ ಹಾಕೋಣ. ಮರೆತವರಿಗೆ ಬಾಯಾರಿಕೆಗೆ ನೀರು ಕೊಟ್ಟು ವಹಿಯನ್ನು ಮುಂದಿಡೋಣ.