ಹದಿನೈದು ಜನರನ್ನ ಆರಿಸೋದು ಸುಲಭ, ಯಾವಾಗ ಆರಿಸ್ತೀರಿ ಅನ್ನೋದೇ ಕಷ್ಟ

ಪ್ರೀಮಿಯರ್ ಲೀಗ್ ಹೊಸ ಸೀಸನ್ ಹತ್ತಿರ ಬಂತು ಅಂದ್ರೆ ನನಗೆ ಬರೋ ಮೆಸೇಜ್ ಒಂದೇ: "ಅಣ್ಣಾ, ಡ್ರಾಫ್ಟ್‌ನಲ್ಲಿ ಮೊದಲು ಯಾರನ್ನ ಎತ್ಕೊಳ್ಳಲಿ?" ಇವತ್ತು ಅದರ ಬಗ್ಗೆ ಮಾತಾಡಲ್ಲ. ಮೊದಲನೇ ಆಯ್ಕೆಯಲ್ಲಿ ಯಾರೂ ದಾರಿ ತಪ್ಪಲ್ಲ, ಸಿಗೋರಲ್ಲಿ ದೊಡ್ಡ ಹೆಸರನ್ನ ತಗೋತಾರೆ, ಅದು ಸರೀನೇ. ತಂಡ ಕೆಡೋದು ನಾಲ್ಕನೇ ಸುತ್ತಿನಿಂದ ಒಂಬತ್ತನೇ ಸುತ್ತಿನ ಮಧ್ಯೆ. ಅಲ್ಲಿ ಯಾವ ಸ್ಥಾನದ ಆಟಗಾರನನ್ನ ಯಾವಾಗ ತಗೋಬೇಕು ಅನ್ನೋದೇ ಇವತ್ತಿನ ವಿಷಯ.

ಹೊಸಬರಿಗೆ ಒಂದು ಮಾತು. ಫ್ಯಾಂಟಸಿ ಪ್ರೀಮಿಯರ್ ಲೀಗ್‌ನಲ್ಲಿ ಎರಡು ಥರ ಇದೆ. ಎಲ್ಲರೂ ಆಡೋದು ಬಜೆಟ್ ಆಟ: ಕೈಯಲ್ಲಿ 100 ಮಿಲಿಯನ್ ಪೌಂಡ್, ಹಾಲಂಡ್ ನಿಮ್ಮ ತಂಡದಲ್ಲೂ ಇರಬಹುದು, ನನ್ನ ತಂಡದಲ್ಲೂ ಇರಬಹುದು. ಡ್ರಾಫ್ಟ್ ಹಾಗಲ್ಲ. ಬೆಲೆ ಇಲ್ಲ, ಕ್ಯಾಪ್ಟನ್ ಇಲ್ಲ. ಒಬ್ಬ ಆಟಗಾರ ಲೀಗ್‌ನಲ್ಲಿ ಒಬ್ಬರಿಗೆ ಮಾತ್ರ. ನೀವು ತಗೊಂಡ್ರೆ ಉಳಿದವರಿಗೆ ಅವನು ಇಲ್ಲ. 38 ವಾರ ಆ ತಂಡದ ಜೊತೆ ಸಂಸಾರ ಮಾಡಬೇಕು. ಎರಡೂ ಉಚಿತ. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಹಣದ ಆಟಗಳಿಗೆ ಕಡಿವಾಣ ಹಾಕೋ ಕಾನೂನು ಬಂದ ಮೇಲೆ ಈ ಕಡೆ ತಿರುಗಿದವರು ನನ್ನ ಪರಿಚಯದಲ್ಲೇ ತುಂಬಾ ಜನ ಇದ್ದಾರೆ, ಅವರಿಗೂ ಇದು ಉಪಯೋಗಕ್ಕೆ ಬರಬಹುದು.

ಈಗ ಬ್ಯಾಲೆನ್ಸ್ ಅಂದ್ರೆ ಏನು? ತುಂಬಾ ಜನ ಅಂದ್ಕೊಂಡಿರೋದು, ಒಬ್ಬ ಫಾರ್ವರ್ಡ್, ಒಬ್ಬ ಮಿಡ್‌ಫೀಲ್ಡರ್, ಒಬ್ಬ ಡಿಫೆಂಡರ್, ಹೀಗೆ ಸರದಿ ಪ್ರಕಾರ ಹಾಕ್ತಾ ಹೋಗೋದು. ತಟ್ಟೆಗೆ ಪಲ್ಯ, ಕೋಸಂಬರಿ, ಅನ್ನ ಬಡಿಸಿದ ಹಾಗೆ. ಆದ್ರೆ ಲೆಕ್ಕದ ಬ್ಯಾಲೆನ್ಸನ್ನ ಆ್ಯಪೇ ನೋಡ್ಕೊಳ್ಳುತ್ತೆ. ಕೊನೆಗೆ ಎಲ್ಲರ ಹತ್ರಾನೂ 2 ಗೋಲ್‌ಕೀಪರ್, 5 ಡಿಫೆಂಡರ್, 5 ಮಿಡ್‌ಫೀಲ್ಡರ್, 3 ಫಾರ್ವರ್ಡ್ ಇರಲೇಬೇಕು, ಬೇರೆ ದಾರಿ ಇಲ್ಲ. ನಿಮ್ಮ ಕೈಯಲ್ಲಿ ಇರೋದು ಒಂದೇ: ಒಳ್ಳೆಯ ಸುತ್ತುಗಳನ್ನ ಯಾವ ಸ್ಥಾನಕ್ಕೆ ಖರ್ಚು ಮಾಡ್ತೀರಿ, ಯಾವುದಕ್ಕೆ ಚಿಲ್ಲರೆ ಸುತ್ತು ಇಡ್ತೀರಿ ಅನ್ನೋದು.

ಎಂಟು ಜನರ ಲೀಗ್ ಅಂತ ಇಟ್ಕೊಳ್ಳಿ, ನಮ್ಮದೂ ಅಷ್ಟೇ. ಫಾರ್ವರ್ಡ್‌ಗಳು ಎಷ್ಟು ಬೇಕು? 24. ಪ್ರೀಮಿಯರ್ ಲೀಗ್‌ನಲ್ಲಿ ತಂಡಗಳು 20. ಈಗಿನ ಕಾಲದಲ್ಲಿ ಬಹುಪಾಲು ತಂಡಗಳು ಆಡಿಸೋದು ಒಬ್ಬನೇ ಸ್ಟ್ರೈಕರ್‌ನ. ಅಂದ್ರೆ ಪ್ರತಿ ವಾರ ನಿಜವಾಗಿ ಮೈದಾನಕ್ಕೆ ಇಳಿಯೋ ಫಾರ್ವರ್ಡ್‌ಗಳಿಗೂ ನಮಗೆ ಬೇಕಾದವರಿಗೂ ಸಂಖ್ಯೆ ಸರಿಹೊಂದೋದೇ ಕಷ್ಟ. ಡಿಫೆಂಡರ್ ನೋಡಿ. ನಮಗೆ ಬೇಕಾದ್ದು 40, ತಂಡಕ್ಕೆ ನಾಲ್ವರು ಅಂದ್ರೂ ಆಡೋರು 80. ಮಿಡ್‌ಫೀಲ್ಡರ್‌ಗಳು ಅದಕ್ಕಿಂತ ಹೆಚ್ಚು, ಯಾಕಂದ್ರೆ ವಿಂಗರ್‌ಗಳಲ್ಲಿ ಬಹಳಷ್ಟು ಜನ ಆ ಪಟ್ಟಿಯಲ್ಲೇ ಇರ್ತಾರೆ. ಸಂತೆಯಲ್ಲಿ ಬೆಳಿಗ್ಗೆ ಯಾವ ಸೊಪ್ಪು ಖಾಲಿ ಆಗುತ್ತೋ ಅದನ್ನ ಮೊದಲು ಕೊಳ್ತೀವಿ, ಸಂಜೆವರೆಗೂ ಸಿಗೋ ಈರುಳ್ಳಿಗೆ ಯಾರು ಓಡ್ತಾರೆ?

ಕೊರತೆ ಒಂದೇ ಅಲ್ಲ, ಇಳಿಜಾರು ಎಷ್ಟು ಕಡಿದು ಅನ್ನೋದೂ ಮುಖ್ಯ. 2022–23ರ ಸೀಸನ್ ತಗೊಳ್ಳಿ. ಹಾಲಂಡ್ 36 ಗೋಲ್, ಹ್ಯಾರಿ ಕೇನ್ 30. ಮೂರನೆಯವನು ಐವನ್ ಟೋನಿ, 20. ಎರಡರಿಂದ ಮೂರಕ್ಕೆ ಇಳಿಯುವಾಗ ಒಮ್ಮೆಲೇ ಹತ್ತು ಗೋಲ್ ಹೋಯ್ತು. ಅಲ್ಲಿ ಮೆಟ್ಟಿಲು ಇಲ್ಲ, ಬಂಡೆಯಿಂದ ಕೆಳಗೆ ಬಿದ್ದ ಹಾಗೆ. ಅಂಥ ಬಂಡೆ ಎಲ್ಲಿದೆಯೋ ಅದರ ಮೇಲಿರೋರಲ್ಲಿ ಒಬ್ಬನನ್ನ ಹಿಡಿದುಕೊಳ್ಳಬೇಕು. ಆ ಕಡೆ ಹದಿನೈದನೇ ಮಿಡ್‌ಫೀಲ್ಡರ್‌ಗೂ ಇಪ್ಪತ್ತೈದನೇ ಮಿಡ್‌ಫೀಲ್ಡರ್‌ಗೂ ಅಷ್ಟೊಂದು ವ್ಯತ್ಯಾಸ ಇರಲ್ಲ, ನಿಧಾನವಾಗಿ ಇಳಿಯೋ ರಸ್ತೆ ಅದು.

ಹಾಗಂತ ಮೊದಲ ಮೂರು ಸುತ್ತೂ ಫಾರ್ವರ್ಡೇ ತಗೋಬೇಡಿ. ಪ್ರತಿ ವಾರ ಆಡಿಸೋ ಹನ್ನೊಂದರಲ್ಲಿ ಕಡ್ಡಾಯ ಇರೋದು ಒಬ್ಬ ಫಾರ್ವರ್ಡ್, ಮೂವರು ಡಿಫೆಂಡರ್. ನನ್ನ ಪ್ರಕಾರ ಮೊದಲ ಎರಡು ಸುತ್ತಿನಲ್ಲಿ ಒಬ್ಬ ಫಾರ್ವರ್ಡ್ ಬರಲೇಬೇಕು, ಐದನೇ ಸುತ್ತಿನ ಒಳಗೆ ಇನ್ನೊಬ್ಬ. ಮೂರನೆಯವನು ಕೊನೆಗೆ, ಯಾರಾದ್ರೂ ಸರಿ, ಬೆಂಚ್ ಮೇಲೆ ಕೂರಲಿ. ಇದನ್ನ ಒಪ್ಪದವರು ನಮ್ಮ ಲೀಗ್‌ನಲ್ಲೇ ಇದ್ದಾರೆ. ಒಬ್ಬ ಇದ್ದಾನೆ, ಹುಬ್ಬಳ್ಳಿಯವನು, "ಒಬ್ಬ ಫಾರ್ವರ್ಡ್ ಸಾಕಲೇ, ಉಳಿದದ್ದೆಲ್ಲಾ ಮಿಡ್‌ಫೀಲ್ಡ್‌ಗೆ ಹಾಕು" ಅಂತಾನೆ. ಆ ಒಬ್ಬನ ತೊಡೆ ಸ್ನಾಯು ಹಿಡಿದುಕೊಂಡ ವಾರ ಅವನ ಮುಖ ನೋಡಬೇಕು.

ಅವನ ವಾದದಲ್ಲೂ ಒಂದು ಸತ್ಯ ಇದೆ, ಅದು ಪಟ್ಟಿಯಲ್ಲಿ ಬರೆದಿರೋ ಸ್ಥಾನದ್ದು. ಮೊಹಮ್ಮದ್ ಸಲಾ ಮೈದಾನದಲ್ಲಿ ನಿಂತ್ಕೊಳ್ತಿದ್ದದ್ದು ಎದುರಾಳಿ ಗೋಲ್ ಹತ್ತಿರ, ಆಟದ ಪಟ್ಟಿಯಲ್ಲಿ ಮಾತ್ರ ಮಿಡ್‌ಫೀಲ್ಡರ್ ಆಗಿದ್ದ. ಫಾರ್ವರ್ಡ್ ಗೋಲ್ ಹೊಡೆದ್ರೆ 4 ಅಂಕ, ಮಿಡ್‌ಫೀಲ್ಡರ್ ಹೊಡೆದ್ರೆ 5, ಡಿಫೆಂಡರ್ ಹೊಡೆದ್ರೆ 6. 2024–25ರಲ್ಲಿ ಸಲಾ 29 ಗೋಲ್, 18 ಅಸಿಸ್ಟ್ ಮಾಡಿ 344 ಅಂಕ ತೆಗೆದ, ದಾಖಲೆ. ಅದೇ ಆಟ ಆಡಿ ಫಾರ್ವರ್ಡ್ ಅಂತ ಪಟ್ಟಿಯಲ್ಲಿ ಇದ್ದಿದ್ರೆ ಗೋಲ್‌ಗಳಲ್ಲೇ 29 ಅಂಕ ಕಮ್ಮಿ, ಜೊತೆಗೆ ಮಿಡ್‌ಫೀಲ್ಡರ್‌ಗೆ ಸಿಗೋ ಕ್ಲೀನ್ ಶೀಟ್ ಅಂಕವೂ ಇಲ್ಲ. ನಮಗೆ ಇದು ಅರ್ಥ ಆಗೋದು ಕ್ರಿಕೆಟ್‌ನಿಂದ. 2003ರ ವಿಶ್ವಕಪ್‌ನಲ್ಲಿ ನಮ್ಮ ದ್ರಾವಿಡ್ ಕೀಪಿಂಗ್ ಗ್ಲೌಸ್ ಹಾಕಿಕೊಂಡಿದ್ದರಿಂದ ತಾನೇ ಭಾರತಕ್ಕೆ ಏಳನೇ ಬ್ಯಾಟ್ಸ್‌ಮನ್ ಸಿಕ್ಕಿದ್ದು? ಬ್ಯಾಟಿಂಗ್ ಅದೇ, ಕೂತ ಜಾಗ ಬೇರೆ, ತಂಡಕ್ಕೆ ಲಾಭ. ಡ್ರಾಫ್ಟ್‌ಗೆ ಮುಂಚೆ ಪಟ್ಟಿ ತೆಗೆದು ನೋಡಿ. ಪ್ರತಿ ವರ್ಷ ಕೆಲವರ ಸ್ಥಾನ ಬದಲಾಗಿರುತ್ತೆ.

ಡಿಫೆಂಡರ್‌ಗಳ ಲೆಕ್ಕವೂ ಬದಲಾಗಿದೆ. ಮುಂಚೆ ದೊಡ್ಡ ತಂಡಗಳ ಫುಲ್‌ಬ್ಯಾಕ್‌ಗಳನ್ನೇ ಹುಡುಕ್ತಿದ್ವಿ: ಕ್ಲೀನ್ ಶೀಟ್‌ಗೆ 4 ಅಂಕ, ಮುಂದೆ ಓಡಿ ಅಸಿಸ್ಟ್ ಮಾಡಿದ್ರೆ ಇನ್ನೂ 3. 2025–26ರಿಂದ, ಚೆಂಡನ್ನ ದೂರ ಒದೆಯೋದು, ಅಡ್ಡ ನಿಂತು ತಡೆಯೋದು, ಪಾಸ್ ಮಧ್ಯೆ ಕಿತ್ಕೊಳ್ಳೋದು, ಟ್ಯಾಕಲ್ ಮಾಡೋದು, ಇವೆಲ್ಲಾ ಸೇರಿ ಒಂದು ಪಂದ್ಯದಲ್ಲಿ 10 ಆದ್ರೆ ಡಿಫೆಂಡರ್‌ಗೆ 2 ಅಂಕ. ಇದರ ಲಾಭ ಯಾರಿಗೆ? ಸಣ್ಣ ತಂಡದ ಸೆಂಟರ್‌ಬ್ಯಾಕ್‌ಗೆ. ತೊಂಬತ್ತು ನಿಮಿಷವೂ ದಾಳಿ ಎದುರಿಸ್ತಾ ಇರ್ತಾನೆ ಪಾಪ, ತಂಡ ಸೋತರೂ ಇವನ ಖಾತೆಗೆ ಎರಡು ಬಂದು ಬೀಳುತ್ತೆ. ಅಂಥವನು ಹತ್ತನೇ ಸುತ್ತಿನಲ್ಲೂ ಸಿಗ್ತಾನೆ. ಅದಕ್ಕೇ ಡಿಫೆನ್ಸ್‌ಗೆ ಆರಂಭದ ಸುತ್ತುಗಳನ್ನ ಸುರಿಯೋದು ಈಗ ಇನ್ನೂ ದುಬಾರಿ ಅನ್ನೋದು ನನ್ನ ಅಭಿಪ್ರಾಯ. ಫ್ರೀಕಿಕ್, ಕಾರ್ನರ್ ತಗೊಳ್ಳೋ ಒಬ್ಬಿಬ್ಬರನ್ನ ಬಿಟ್ಟು.

ಗೋಲ್‌ಕೀಪರ್ ವಿಷಯ ಎರಡೇ ಮಾತು. ಅತ್ಯುತ್ತಮ ಕೀಪರ್‌ಗೂ ಎಂಟನೇ ಕೀಪರ್‌ಗೂ ಸಾಮಾನ್ಯವಾಗಿ ವಾರಕ್ಕೆ ಹೆಚ್ಚೂಕಮ್ಮಿ ಒಂದು ಅಂಕದ ಅಂತರ. ಕಾಯಿರಿ.

ಆದ್ರೆ ಕಾಯೋಕೆ ಬಿಡಲ್ಲ ನೋಡಿ! ಐದನೇ ಸುತ್ತಿನಲ್ಲಿ ಯಾರೋ ಒಬ್ಬ ಕೀಪರ್ ಎತ್ತುತ್ತಾನೆ. ಗ್ರೂಪಲ್ಲಿ "ಓಹ್" ಅಂತ ಒಂದು ಮೆಸೇಜ್. ಮುಂದಿನವನಿಗೆ ಗಾಬರಿ, ಅವನೂ ಕೀಪರ್. ಆಮೇಲೆ ಮೂರನೆಯವನು. ಟೈಮರ್ ಓಡ್ತಾ ಇದೆ, ನೀವು ಆರಿಸದಿದ್ರೆ ಆ್ಯಪ್ ತಾನೇ ಆರಿಸಿಬಿಡುತ್ತೆ, ಕೈ ನಡುಗುತ್ತೆ. ಆ ಕ್ಷಣದಲ್ಲಿ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಇವರೆಲ್ಲಾ ಕೀಪರ್ ತಗೊಳ್ತಿದ್ದಾರೆ ಅಂದ್ರೆ ಇವರು ಏನನ್ನ ಬಿಡ್ತಿದ್ದಾರೆ? ಆರನೇ ಸುತ್ತಿಗೆ ಬರಬಾರದಿದ್ದ ಒಬ್ಬ ಸ್ಟ್ರೈಕರ್ ಅಲ್ಲೇ ಕೂತಿರ್ತಾನೆ.

ನಿಮ್ಮ ಸರದಿಯ ಸಂಖ್ಯೆಯನ್ನೂ ಗಮನಿಸಿ. ಡ್ರಾಫ್ಟ್ ಹಾವು ಹರಿದ ಹಾಗೆ ಹೋಗುತ್ತೆ: ಒಂದರಿಂದ ಎಂಟು, ಮತ್ತೆ ಎಂಟರಿಂದ ಒಂದು. ನೀವು ಮೊದಲನೆಯವರಾದ್ರೆ 1 ಆದ ಮೇಲೆ ನಿಮ್ಮ ಸರದಿ 16 ಮತ್ತು 17. ಮಧ್ಯೆ 14 ಆಟಗಾರರು ಮಾಯ. ತುದಿಯಲ್ಲಿ ಕೂತವರು "ಮುಂದಿನ ಸಲ ತಗೋತೀನಿ" ಅನ್ನೋ ಹಾಗಿಲ್ಲ, ಯಾವ ಸ್ಥಾನ ಬರಿದಾಗ್ತಿದೆಯೋ ಅದನ್ನ ಒಂದು ಸುತ್ತು ಮುಂಚೇನೇ ತಗೋಬೇಕು. ಮಧ್ಯದಲ್ಲಿ, ನಾಲ್ಕು ಅಥವಾ ಐದನೇ ಜಾಗದಲ್ಲಿ ಇರೋರಿಗೆ ಕಾಯೋ ಸೌಕರ್ಯ ಇದೆ.

"ಡ್ರಾಫ್ಟ್ ಆದ ಮೇಲೆ ಸರಿ ಮಾಡ್ಕೊಳ್ಳೋಣ ಬಿಡು ಗುರು" ಅನ್ನೋರಿಗೆ ಒಂದು ಎಚ್ಚರಿಕೆ. ಯಾರೂ ತಗೊಳ್ಳದ ಆಟಗಾರರನ್ನ ಸೀಸನ್ ಮಧ್ಯೆ ತಗೋಬಹುದು, ನಿಜ. ಆದ್ರೆ ಫಾರ್ವರ್ಡ್ ಬೇಕಂದ್ರೆ ಫಾರ್ವರ್ಡ್‌ನನ್ನೇ ಬಿಡಬೇಕು, ಸಂಖ್ಯೆ 3 ದಾಟೋ ಹಾಗಿಲ್ಲ. ಎಂಟು ಜನ 24 ಫಾರ್ವರ್ಡ್‌ಗಳನ್ನ ಬಾಚಿಕೊಂಡ ಮೇಲೆ ಉಳಿದಿರೋದು ಬೆಂಚ್ ಬಿಸಿ ಮಾಡೋರು. ಮಿಡ್‌ಫೀಲ್ಡರ್, ಡಿಫೆಂಡರ್ ಮಾತ್ರ ರಾಶಿ ಬಿದ್ದಿರ್ತಾರೆ, ಅಕ್ಟೋಬರ್‌ನಲ್ಲೂ ಒಳ್ಳೆಯವರು ಸಿಗ್ತಾರೆ.

ಇಷ್ಟು ತಲೆ ಯಾಕೆ ಕೆಡಿಸ್ಕೊಳ್ಳಬೇಕು ಅಂತ ಕೇಳಬಹುದು. ನಮ್ಮ ಲೀಗ್‌ನಲ್ಲಿ ಕಾಲೇಜು ಗೆಳೆಯರು ಎಂಟು ಜನ. ಇಬ್ಬರು ವಿದೇಶದಲ್ಲಿ, ಉಳಿದವರು ಮೂರು ಊರಲ್ಲಿ. ವರ್ಷದಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಆನ್‌ಲೈನ್ ಬರೋದು ಡ್ರಾಫ್ಟ್ ರಾತ್ರಿ ಮಾತ್ರ. ಒಂದು ವರ್ಷ ಇಬ್ಬರ ತಂಡಗಳು ನವೆಂಬರ್‌ಗೇ ಕೈಕೊಟ್ಟವು, ಮುಂದೆ ಆಡೋರು ಇಲ್ಲ. ಅವರು ಆ್ಯಪ್ ತೆಗೆಯೋದು ನಿಲ್ಲಿಸಿದ್ರು. ಗಾಯಗೊಂಡವರನ್ನೇ ಹಾಗೇ ಬಿಟ್ಟ ತಂಡದ ಎದುರು ಗೆದ್ದು ಏನು ಖುಷಿ? ಜನವರಿ ಹೊತ್ತಿಗೆ ಗ್ರೂಪಲ್ಲಿ ಹಬ್ಬದ ಶುಭಾಶಯದ ಫೋಟೋ ಬಿಟ್ಟು ಬೇರೆ ಏನೂ ಇರಲಿಲ್ಲ. ಮಾರನೇ ವರ್ಷ ಅವರಿಬ್ಬರನ್ನ ಮತ್ತೆ ಕರ್ಕೊಂಡು ಬರೋಕೆ ಸಾಕಾಗಿ ಹೋಯ್ತು. ಡ್ರಾಫ್ಟ್‌ಗೆ ಒಂದು ವಾರ ಮುಂಚೆ ಇವತ್ತು ನಿಮಗೆ ಹೇಳಿದ್ದನ್ನೇ ವಾಯ್ಸ್ ನೋಟ್‌ನಲ್ಲಿ ಅವರಿಗೆ ಕಳಿಸಿದ್ದೆ. ಎದುರಾಳಿಗಳಿಗೇ ಗುಟ್ಟು ಹೇಳಿಕೊಟ್ಟ ಹಾಗೆ, ಆದ್ರೂ ಕಳಿಸಿದೆ. ಇಬ್ಬರಲ್ಲಿ ಒಬ್ಬ ಆ ವರ್ಷ ನನಗಿಂತ ಮೇಲೆ ಬಂದ, ಈಗಲೂ ಅದನ್ನ ನೆನಪಿಸ್ತಾನೆ.

ಮಾಡಬೇಕಾದ್ದು ಇಷ್ಟೇ. ಫೋನ್ ಪಕ್ಕಕ್ಕಿಟ್ಟು ಒಂದು ಹಾಳೆ ತಗೊಳ್ಳಿ, ನಾಲ್ಕು ಸಾಲು ಮಾಡಿ, ಸ್ಥಾನದ ಪ್ರಕಾರ ನಿಮ್ಮ ಲೆಕ್ಕದಲ್ಲಿ ಒಳ್ಳೆಯವರನ್ನ ಮೇಲಿನಿಂದ ಕೆಳಕ್ಕೆ ಬರೀರಿ. ಎಲ್ಲಿ "ಇವನಾದ ಮೇಲೆ ಅಷ್ಟಕ್ಕಷ್ಟೇ" ಅನ್ಸುತ್ತೋ ಅಲ್ಲಿ ಕೆಂಪು ಗೆರೆ ಎಳೀರಿ. ಡ್ರಾಫ್ಟ್ ನಡೀವಾಗ ಹೋದ ಹೆಸರುಗಳನ್ನ ಹೊಡೆದು ಹಾಕ್ತಾ ಬನ್ನಿ. ಯಾವ ಸಾಲಲ್ಲಿ ಗೆರೆಯ ಮೇಲೆ ಇಬ್ಬರೇ ಉಳಿದಿದ್ದಾರೋ ನಿಮ್ಮ ಮುಂದಿನ ಆಯ್ಕೆ ಅಲ್ಲಿಂದ. ಮತ್ತೆ, ಚಾರ್ಜರ್ ಹತ್ತಿರ ಇಟ್ಕೊಳ್ಳಿ. ಏಳನೇ ಸುತ್ತಿನಲ್ಲಿ ಫೋನ್ ಸತ್ತು, ಆ್ಯಪ್ ಆರಿಸಿಕೊಟ್ಟ ಎರಡನೇ ಗೋಲ್‌ಕೀಪರ್‌ನ ಮೇ ತಿಂಗಳವರೆಗೂ ಸಾಕಿದವನು ನಮ್ಮ ಗುಂಪಲ್ಲಿ ಇದ್ದಾನೆ.